ಹಾಸಿಗೆಯವನು

ಯಾರೂ ಬ್ರ್ಯಾಂಡಿನ ಹೆಸರು ಹೇಳಿ ಕೇಳುವುದಿಲ್ಲ ಈಗ.
"ಕಾಲಿನದು ಬೇಡ ನೆಲಿದಾ, ಹಲ್ಲಿನದು ಕೊಡು."
"ಕೂಸಿನದು ಬೇಡ, ಮಗಳು ಬಸುರಿ."
ಮೊಂತೆವಿದೆಯೊದ ಈ ಮೂಲೆಯಲ್ಲಿ, ಎಣ್ಣೆ ಕಾರ್ಖಾನೆಯ
ಚಿಮಣಿಗೆ ಬೆನ್ನು ಮಾಡಿದ ನನ್ನ ಗೂಡಂಗಡಿಯಲ್ಲಿ
ವರ್ಷಗಟ್ಟಲೆಯಿಂದ ರೋಗ ವಿಂಗಡಿಸುತ್ತಿದ್ದೇನೆ:
ಎಡಗಡೆ ಗಂಟಲು, ಬಲಗಡೆ ಗ್ಯಾಂಗ್ರೀನು,
ನಡುವೆ ಪೆಪ್ಪರಮಿಂಟು.

ಮೊದಲ ವಾರ ಹೆದರಿದೆವು, ನಿಜ.
ರಾತ್ರಿ ಶಟರ್ ಎಳೆಯುವಾಗ ಕಪಾಟಿನಿಂದ
ಆ ಕಣ್ಣುಗಳು ನೋಡುತ್ತಿವೆ ಅನ್ನಿಸಿ
ಪೊಟ್ಟಣಗಳನ್ನೆಲ್ಲ ಬೆನ್ನು ತಿರುಗಿಸಿ ಇಟ್ಟೆ;
ಬೆನ್ನಲ್ಲೂ ಅದೇ ಚಿತ್ರ.
ಆಮೇಲೆ, ಬೆದರುಬೊಂಬೆಯ ಹೆಗಲೇರಿದ ಕಾಗೆಗಳ ಹಾಗೆ,
ಎಲ್ಲರಿಗೂ ರೂಢಿಯಾಯಿತು.
ಹುಡುಗರು ಖಾಲಿ ಪೊಟ್ಟಣ ಕತ್ತರಿಸಿ
ಆಟದ ಚೀಟಿ ಮಾಡಿಕೊಂಡರು:
ಎರಡು ಶ್ವಾಸಕೋಶಕ್ಕೆ ಒಂದು ಹೃದಯ.
ಎದುರುಮನೆಯ ಓಫೆಲಿಯಾ ಪೊಟ್ಟಣಕ್ಕೆ
ಉಲ್ಲನ್ನಿನ ಅಂಗಿ ಹೆಣೆದಳು, ನೀಲಿ, ಹಳದಿ,
ಗುಂಡಿಯ ಸಮೇತ. ನನ್ನಲ್ಲೇ ಮಾರಾಟಕ್ಕೆ. ಚೆನ್ನಾಗಿ ಹೋಗುತ್ತವೆ.

ಒಮ್ಮೆ ಆರೋಗ್ಯ ಇಲಾಖೆಯಿಂದ ಟೈ ಕಟ್ಟಿದ ಹುಡುಗನೊಬ್ಬ
ಗೆರೆ ಹಾಕಿದ ಹಾಳೆ ಹಿಡಿದು ಬಂದ.
"ಯಾವುದಕ್ಕೆ ಜನ ಹೆಚ್ಚು ಹೆದರುತ್ತಾರೆ, ಸೆನ್ಯೋರಾ?"
ಬೆಲೆಗೆ ಅಂದೆ.
ಬರೆದುಕೊಳ್ಳಲಿಲ್ಲ.

ಹಾಸಿಗೆಯವನನ್ನು ಕೇಳಿ ಒಯ್ಯುವವನು ಮಾತ್ರ ಒಬ್ಬನೇ.
ಮೂಗಲ್ಲಿ ನಳಿಗೆ, ಅರೆತೆರೆದ ಬಾಯಿ, ಬೂದಿ ಬಣ್ಣದ ಮುಖ.
"ನನ್ನದು ಕೊಡು" ಅನ್ನುತ್ತಿದ್ದ ವಾಷಿಂಗ್ಟನ್ ಬೆಂತಾಂಕುರ್
(ಹೆಸರಷ್ಟೇ, ಅಮೆರಿಕ ಕಂಡವನಲ್ಲ);
ನಿಜಕ್ಕೂ ಅವನದೇ.
ಕಾರ್ನಿವಲ್ ತಂಡದಲ್ಲಿ ಬಣ್ಣ ಹಚ್ಚಿ ಹಾಡುವವನು.
ಒಂದು ಮಧ್ಯಾಹ್ನಕ್ಕೆ ಎರಡು ಸಾವಿರ ಪೇಸೊ, ಮೇಲೆ ಊಟ.
"ಸಾಯಿ ಅಂದರು, ಸತ್ತೆ. ಇನ್ನಷ್ಟು ಅಂದರು,
ಇನ್ನಷ್ಟು ಸತ್ತೆ. ಮಂಚದಿಂದ ಇಳಿದವನೇ
ಹೊರಗೆ ಹೋಗಿ ಒಂದು ಹಚ್ಚಿದೆ;
ಕ್ಯಾಮೆರಾದ ಹುಡುಗಿಯೇ ಬೆಂಕಿ ಕೊಟ್ಟಳು."
ಇಡೀ ಬೀದಿಗೆ ಈ ಕಥೆ ಬಾಯಿಪಾಠ.
ಅವನ ಹೆಂಡತಿ ಸುಲ್ಮಾ ಮಾತ್ರ
ಊಟದ ಮೇಜಿನ ಮೇಲೆ ಅದನ್ನು ಕಂಡರೆ
ಬ್ರೆಡ್ಡಿನ ಬುಟ್ಟಿ ಬೋರಲು ಹಾಕುತ್ತಿದ್ದಳು.

ಊರಿಗೆಲ್ಲ ಶಕುನ ನುಡಿದ ಹಲ್ಲಿ
ತಾನೇ ಬಾನಿಗೆ ಬಿದ್ದ ಸುದ್ದಿ
ಜೂನ್ ತಿಂಗಳ ಚಳಿಯಲ್ಲಿ ಬಂತು.

ಹೋದೆ. ಆರನೇ ವಾರ್ಡು, ಕಿಟಕಿಯ ಪಕ್ಕ.
ಬಸ್ಸಿನುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ:
ಹೇಗಿರುತ್ತಾನೆ ಗೊತ್ತಲ್ಲ ನನಗೆ,
ಇದೇ ಕೈಯಿಂದ ಎಷ್ಟು ಸಲ ಎತ್ತಿ ಕೊಟ್ಟ ಮುಖ.
ಹಾಗಿರಲಿಲ್ಲ.
ಔಷಧಿಗೆ ಊದಿ ಕೆನ್ನೆ ಗುಂಡಗೆ, ಕೆಂಪಗೆ,
ಈಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಹಾಗಿದ್ದ.
ಮೂಗಲ್ಲಿ ನಳಿಗೆಯಿತ್ತು, ಅದಷ್ಟು ಸರಿ.
ಸುಲ್ಮಾ ಅವನ ಉಗುರು ಕತ್ತರಿಸುತ್ತಿದ್ದಳು,
ಕತ್ತರಿಸಿದ್ದನ್ನು ಹೊದಿಕೆಯಿಂದ ಒಂದೊಂದೇ ಹೆಕ್ಕಿ
ಕರವಸ್ತ್ರದಲ್ಲಿ ಇಟ್ಟುಕೊಳ್ಳುತ್ತಿದ್ದಳು.
ಚಿತ್ರದಲ್ಲಿ ಅವಳಿಲ್ಲ.

ಒಂದು ಮಾತಿಗೆ ಮೂರು ನಿಲ್ದಾಣ ಅವನಿಗೆ.
"ನೆಲಿದಾ... ನಾನು... ಅವನ ಹಾಗೆ ಕಾಣ್ತೀನಾ?"
ಇಲ್ಲ ಅಂದೆ.
ನಗಲು ಹೋಗಿ ಕೆಮ್ಮಿದ, ಬಹಳ ಹೊತ್ತು.
"ಹಾಗಾದ್ರೆ... ಇನ್ನೊಮ್ಮೆ... ತೆಗೀಲಿ."

ಮರುದಿನ ಅಂಗಡಿ ತೆರೆದೆ. ಏನು ಮಾಡಲಿ, ಬಾಡಿಗೆ ಇದೆ.
ನಾನೂ ಸೇದುವವಳೇ. ಬಿಟ್ಟೆ ಅಂದರೆ ಸುಳ್ಳಾದೀತು;
ಕಡ್ಡಿ ಗೀರಿ, ಬೆರಳು ಸುಡುವ ತನಕ
ಹಾಗೇ ನಿಂತುಬಿಡುತ್ತೇನೆ ಕೆಲವು ಸಲ.

ಆಗಸ್ಟಿನಲ್ಲಿ ಹೊಸ ಚಿತ್ರಗಳು ಬಂದವು.
ಹಾಸಿಗೆಯವನನ್ನು ತೆಗೆದಿದ್ದಾರೆ,
ಯಾರಿಗೂ ಹೆದರಿಕೆ ಹುಟ್ಟುತ್ತಿಲ್ಲವಂತೆ.
ಉಳಿದ ಹನ್ನೊಂದು ಪೊಟ್ಟಣ ಸುಲ್ಮಾ ಬಂದು ಕೊಂಡಳು,
ದುಡ್ಡು ಬೇಡವೆಂದರೂ ಎಣಿಸಿ ಇಟ್ಟಳು.
ಜನ್ಮದಲ್ಲಿ ಒಂದು ಸೇದಿದವಳಲ್ಲ.
ಹಳದಿ ಅಂಗಿ ಹಾಕಿ ಕೊಡಲೇ ಅಂದೆ.
ಬೇಡ ಅಂದಳು.